ಬೇರಿಂಗ್ ಸುಡುತ್ತಿದೆಯಾ? ಹೊಸದು ತರುವ ಮೊದಲು ನೋಡಬೇಕಾದದ್ದು

ಮಾರ್ಚ್ ಕೊನೆಯಿಂದ ಮಳೆ ಬೀಳುವವರೆಗೆ ನನಗೆ ಬರುವ ಫೋನ್‌ಗಳಲ್ಲಿ ಅರ್ಧಕ್ಕರ್ಧ ಒಂದೇ ಮಾತು. "ಬೇರಿಂಗ್ ಭಾಳ ಗರಂ ಆಗೇದ್ರಿ. ಹೊಸಾದು ತಗೊಂಡೇ ಬರ್ರಿ." ನಾನು ಕಲಬುರಗಿಯವನು. ದಾಲ್ ಮಿಲ್, ಕ್ರಷರ್, ಅಕ್ಕಿ ಗಿರಣಿಗಳ ಮೆಷಿನ್ ರಿಪೇರಿ ನನ್ನ ಕೆಲಸ. ಹೊಸ ಬೇರಿಂಗ್ ಹಿಡಿದುಕೊಂಡು ಹೋಗುವುದು ಸುಲಭ. ಆದರೆ ಹೋದ ಸಲ ಹಾಕಿದ್ದೂ ಹೊಸದೇ ಆಗಿತ್ತು ಅಲ್ವಾ? ಅದು ಯಾಕೆ ಸುಟ್ಟಿತು ಅಂತ ತಿಳಿಯದೆ ಇನ್ನೊಂದು ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಬೇರಿಂಗ್ ತನ್ನಷ್ಟಕ್ಕೆ ತಾನೇ ಸುಡುವುದು ಕಡಿಮೆ. ಬಹಳ ಸಲ ಅದನ್ನು ಬೇರೆ ಯಾವುದೋ ಸುಡುತ್ತಿರುತ್ತದೆ. ಆ ಬೇರೆಯದನ್ನು ಹುಡುಕುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ.

ಉದಾಹರಣೆಗೆ 22216 ನಂಬರಿನ ರೋಲರ್ ಬೇರಿಂಗ್ ಇಟ್ಟುಕೊಂಡಿದ್ದೇನೆ. ಶಾಫ್ಟಿನ ಜೊತೆ ತಿರುಗುವ ಒಳ ರಿಂಗ್, ಬ್ಲಾಕಿನಲ್ಲಿ ನಿಂತಿರುವ ಹೊರ ರಿಂಗ್, ನಡುವೆ ಎರಡು ಸಾಲು ರೋಲರ್. ಹೊರಗೆ 140 ಮಿಲಿಮೀಟರ್ ವ್ಯಾಸ, 33 ಮಿಲಿಮೀಟರ್ ಅಗಲ. ಟೇಪರ್ ಬೋರ್‌ನದ್ದು, ಅಂದರೆ ಒಳಗಿನ ತೂತು ಓರೆಯಾಗಿ ಕಿರಿದಾಗುವಂಥದ್ದು, ಸ್ಲೀವ್ ಅನ್ನುವ ಓರೆ ಕೊಳವೆ ಹಾಕಿಕೊಂಡು 70 ಮಿಲಿಮೀಟರ್ ಶಾಫ್ಟಿನ ಮೇಲೆ, ಎಸ್‌ಎನ್ 516 ಪ್ಲಮ್ಮರ್ ಬ್ಲಾಕಿನಲ್ಲಿ, ಅಂದರೆ ಬೇರಿಂಗ್ ಹಿಡಿದಿಡುವ ಕಬ್ಬಿಣದ ಗೂಡಿನಲ್ಲಿ, ಕೂರುತ್ತದೆ. ನಮ್ಮ ಕಡೆ ಲೋಡ್ ಜಾಸ್ತಿ ಇರುವ ಶಾಫ್ಟ್‌ಗಳಲ್ಲಿ ಇದು, ಅಥವಾ ಇದರ ಅಣ್ಣತಮ್ಮಂದಿರು ಇರುತ್ತಾರೆ.

ಮೊದಲು, ಈ ಎರಡು ಕೆಲಸ ಮಾಡಬೇಡಿ

ಒಂದು, ಒದ್ದೆ ಗೋಣಿ. ಬ್ಲಾಕ್ ಕಾದಿದೆ ಅಂತ ಅದರ ಮೇಲೆ ನೀರು ಹಾಕಿದ ಗೋಣಿಚೀಲ ಹೊದಿಸುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಮಾಡುವವರು ಕಾಳಜಿಯಿಂದಲೇ ಮಾಡುತ್ತಾರೆ. ಆದರೆ ಒಳಗೆ ಏನಾಗುತ್ತದೆ ನೋಡಿ. ನೀರು ತಾಗುವುದು ಹೊರಗಿನ ಬ್ಲಾಕಿಗೆ. ಬ್ಲಾಕ್ ಮತ್ತು ಹೊರ ರಿಂಗ್ ತಣ್ಣಗಾಗಿ ಕುಗ್ಗುತ್ತವೆ. ಶಾಫ್ಟ್ ಮತ್ತು ಒಳ ರಿಂಗ್ ಇನ್ನೂ ಬಿಸಿಯಾಗಿ ಹಿಗ್ಗಿಯೇ ಇರುತ್ತವೆ. ನಡುವೆ ಸಿಕ್ಕಿದ ರೋಲರ್‌ಗಳಿಗೆ ಇದ್ದ ಚೂರು ಸಂದೂ ಹೋಗುತ್ತದೆ. ಒಳ ರಿಂಗ್ ಹೊರ ರಿಂಗಿಗಿಂತ ಬರೀ 15 ಡಿಗ್ರಿ ಜಾಸ್ತಿ ಬಿಸಿಯಿದ್ದರೂ ಈ ಅಳತೆಯ ಬೇರಿಂಗಿನಲ್ಲಿ 20 ಮೈಕ್ರಾನಿನಷ್ಟು (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್) ಸಂದು ಕಡಿಮೆಯಾಗುತ್ತದೆ. ಸಂದು ಹೋದರೆ ತಿಕ್ಕಾಟ ಜಾಸ್ತಿ, ತಿಕ್ಕಾಟಕ್ಕೆ ಬಿಸಿ ಜಾಸ್ತಿ, ಬಿಸಿಗೆ ಸಂದು ಇನ್ನೂ ಕಡಿಮೆ. ಹತ್ತು ನಿಮಿಷದಲ್ಲಿ ಜಾಮ್ ಆಗಬಹುದು. ತಣ್ಣಗೆ ಮಾಡಲೇಬೇಕಿದ್ದರೆ ಮಾಲು ಬಿಡುವುದನ್ನು ನಿಲ್ಲಿಸಿ, ಖಾಲಿ ಓಡಿಸಿ, ಬೇಕಿದ್ದರೆ ಫ್ಯಾನ್ ಇಡಿ. ಖಾಲಿ ಓಡಿಸಿದಾಗಲೂ ಬಿಸಿ ಏರುತ್ತಲೇ ಇದ್ದರೆ ಅಥವಾ ಸುಟ್ಟ ವಾಸನೆ ಬಂದರೆ ಕೂಡಲೇ ಬಂದ್ ಮಾಡಿ. ದಾಲ್ ಮಿಲ್‌ನಲ್ಲಿ ಬ್ಲಾಕಿನ ಮೇಲೆಲ್ಲ ಹೊಟ್ಟಿನ ಧೂಳು ಕೂತಿರುತ್ತದೆ. ಬೇರಿಂಗ್ ಸುಟ್ಟು ಜಾಮ್ ಆಗುವಾಗಿನ ಬಿಸಿಗೆ ಅದು ಬೆಂಕಿ ಹತ್ತಿಕೊಳ್ಳಬಹುದು.

ಎರಡು, ಗ್ರೀಸ್ ಗನ್. ಬಿಸಿ ಕಂಡ ಕೂಡಲೇ ಕೈ ಗನ್ನಿನ ಕಡೆ ಹೋಗುತ್ತದೆ. ಗ್ರೀಸ್ ಕಡಿಮೆಯಾಗಿ ಸುಡುವ ಬೇರಿಂಗ್‌ಗಳು ಇವೆ, ನಿಜ. ಆದರೆ ಗ್ರೀಸ್ ಜಾಸ್ತಿಯಾಗಿ ಸುಡುವವೂ ಅಷ್ಟೇ ಇವೆ. ಯಾವುದು ಅಂತ ಗೊತ್ತಾಗುವ ಮೊದಲೇ ಒತ್ತಿಬಿಟ್ಟರೆ ಇದ್ದ ಸುಳಿವೂ ಅಳಿಸಿಹೋಗುತ್ತದೆ.

ಎಷ್ಟು ಬಿಸಿ ಅಂದರೆ ಬಿಸಿ?

ನಮ್ಮವರು ಕೈ ಇಟ್ಟು ನೋಡುತ್ತಾರೆ. ಕೈ ಇಡಲಾಗದಿದ್ದರೆ "ಸುಡ್ತದ" ಅನ್ನುತ್ತಾರೆ. ಸುಮಾರು 60 ಡಿಗ್ರಿ ದಾಟಿದರೆ ಯಾರ ಕೈಯೂ ನಿಲ್ಲುವುದಿಲ್ಲ. ಆದರೆ ಲೋಡ್ ಹೊತ್ತ ರೋಲರ್ ಬೇರಿಂಗಿಗೆ 70, 75 ಡಿಗ್ರಿ ಅನ್ನುವುದು ದಿನದ ಮಾತು. ಮೇ ತಿಂಗಳಲ್ಲಿ ಕಲಬುರಗಿಯ ತಗಡಿನ ಶೆಡ್ಡಿನೊಳಗೆ ಹವೆಯೇ 43, 44 ಡಿಗ್ರಿ ಇರುತ್ತದೆ. ಅದರ ಮೇಲೆ 30 ಡಿಗ್ರಿ ಏರಿದರೆ 74. ಇದು ರೋಗವಲ್ಲ. ಅದೇ 74 ಡಿಗ್ರಿ ಜನವರಿಯ ಬೆಳಿಗ್ಗೆ, ಹವೆ 16 ಡಿಗ್ರಿ ಇದ್ದಾಗ ಬಂತೋ, ಏರಿಕೆ 58. ಅದು ರೋಗ. ಹಾಗಾಗಿ ಬರೀ ಬೇರಿಂಗಿನ ಬಿಸಿ ಬರೆದುಕೊಂಡರೆ ಸಾಲದು, ಪಕ್ಕದಲ್ಲಿ ಹವೆಯ ಬಿಸಿಯನ್ನೂ ಬರೆಯಿರಿ. ಎರಡರ ನಡುವಿನ ಅಂತರವೇ ನಮಗೆ ಬೇಕಾದ ಲೆಕ್ಕ.

ಈಗ ಎಲ್ಲರ ಹತ್ತಿರ ಲೇಸರ್ ಚುಕ್ಕೆಯ ಟೆಂಪರೇಚರ್ ಗನ್ ಇದೆ. ಒಳ್ಳೆಯದೇ. ಆದರೆ ಹೊಳೆಯುವ ಕಬ್ಬಿಣದ ಮೇಲೆ ಅದು ಸುಳ್ಳು ಹೇಳುತ್ತದೆ. ತೀಡಿ ಬೆಳ್ಳಗಾದ ಶಾಫ್ಟಿನ ಮೇಲೆ ಹಿಡಿದರೆ ಇರುವುದಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಒಂದು ತುಂಡು ಕಪ್ಪು ಇನ್ಸುಲೇಶನ್ ಟೇಪನ್ನು ಬ್ಲಾಕಿನ ಮೇಲೆ, ಬೇರಿಂಗಿನ ನೇರಕ್ಕೆ ಅಂಟಿಸಿ. ದಿನಾ ಅದೇ ಟೇಪಿನ ಮೇಲೆ, ಅದೇ ದೂರದಿಂದ ಹಿಡಿಯಿರಿ. ತಿರುಗುವ ಶಾಫ್ಟ್ ಹತ್ತಿರ ಕೈ, ಪಂಚೆ, ಟವೆಲ್ ಒಯ್ಯಬೇಡಿ.

ಅಂತರ 40 ಡಿಗ್ರಿಯೊಳಗೆ ಇದ್ದು ದಿನದಿನಕ್ಕೆ ಒಂದೇ ಥರ ಇದ್ದರೆ ನಾನು ಮುಟ್ಟುವುದಿಲ್ಲ. ಹೋದ ವಾರ 28 ಇದ್ದದ್ದು ಈ ವಾರ 40 ಆಗಿದ್ದರೆ ಮುಟ್ಟುತ್ತೇನೆ. ಬ್ಲಾಕಿನ ಮೇಲೆ 100 ಡಿಗ್ರಿ ಕಂಡರೆ ಅಂತರ ಎಷ್ಟಾದರೂ ಇರಲಿ, ಬಂದ್ ಮಾಡಿಸುತ್ತೇನೆ. ಯಾಕೆಂದರೆ ಸಾಮಾನ್ಯ ರಬ್ಬರ್ ಸೀಲ್ ಅಲ್ಲಿಂದ ಆಚೆ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಸಾಮಾನ್ಯ ಲಿಥಿಯಂ ಗ್ರೀಸ್ 120ರ ಹತ್ತಿರ ಕೈ ಬಿಡುತ್ತದೆ. 70 ಡಿಗ್ರಿಯಿಂದ ಮೇಲೆ ಪ್ರತಿ 15 ಡಿಗ್ರಿ ಏರಿದಂತೆ ಗ್ರೀಸಿನ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಬೇರಿಂಗ್ ಕೆಲಸದಲ್ಲಿ ಎಲ್ಲರೂ ಒಪ್ಪುವ ಲೆಕ್ಕ. 100ರಲ್ಲಿ ಓಡುವ ಬೇರಿಂಗಿಗೆ ತಿಂಗಳಿಗೊಮ್ಮೆಯ ಗ್ರೀಸ್ ಸಾಲದು, ವಾರಕ್ಕೊಮ್ಮೆ ಬೇಕಾಗುತ್ತದೆ.

ಬಿಸಿ ಯಾವಾಗ ಬರುತ್ತದೆ?

ನಾನು ಹೋದ ಕೂಡಲೇ ಆಪರೇಟರ್‌ಗೆ ಕೇಳುವುದು ಈ ಪ್ರಶ್ನೆ. ಸ್ಪ್ಯಾನರ್ ಆಮೇಲೆ. ಮೆಷಿನ್ ಹತ್ತಿರ ದಿನಪೂರ್ತಿ ಇರುವವನಿಗೆ ಗೊತ್ತಿರುವಷ್ಟು ನನಗೆ ಗೊತ್ತಿರುವುದಿಲ್ಲ.

ಚಾಲೂ ಮಾಡಿದ ಅರ್ಧ ಗಂಟೆಯಲ್ಲೇ ಜೋರಾಗಿ ಏರಿದರೆ, ಅದೂ ಹೊಸದಾಗಿ ಕೂರಿಸಿದ ಬೇರಿಂಗ್ ಆಗಿದ್ದರೆ, ಸಂದು ಇಟ್ಟಿಲ್ಲ ಅಂತ ಅರ್ಥ. ಗ್ರೀಸ್ ಹಾಕಿದ ಮೇಲೆ ಏರಿ, ಒಂದು ದಿನದಲ್ಲಿ ತಾನೇ ಇಳಿದರೆ ಚಿಂತೆ ಬೇಡ. ಹೊಸ ಗ್ರೀಸ್ ಜಾಗ ಮಾಡಿಕೊಳ್ಳುವವರೆಗೆ ಹಾಗಾಗುತ್ತದೆ. ಇಳಿಯಲೇ ಇಲ್ಲ ಅಂದರೆ ಜಾಸ್ತಿ ತುಂಬಿದ್ದೀರಿ. ಮಾಲು ಬಿಟ್ಟಾಗ ಏರಿ ಖಾಲಿ ಓಡುವಾಗ ಇಳಿದರೆ ಲೋಡ್ ಕಡೆ, ಗ್ರೀಸಿನೊಳಗಿನ ಎಣ್ಣೆಯ ದಪ್ಪದ ಕಡೆ ನೋಡಿ. ಖಾಲಿ ಓಡುವಾಗಲೂ ಅಷ್ಟೇ ಬಿಸಿ ಇದ್ದರೆ ಬೆಲ್ಟ್ ಬಿಗಿ, ಸಂದು, ಅಥವಾ ಗ್ರೀಸ್ ಜಾಸ್ತಿ. ಬೆಳಿಗ್ಗೆ ಸರಿಯಿದ್ದು, ನಿಧಾನಕ್ಕೆ ಏರುತ್ತ ಹೋಗಿ ಮಧ್ಯಾಹ್ನ ಕೈ ಮೀರಿದರೆ, ಶಾಫ್ಟ್ ಉದ್ದ ಬೆಳೆದು ಎಲ್ಲೋ ತಡೆ ಬಿದ್ದಿದೆ. ಈ ಕೊನೆಯದನ್ನು ಬಹಳ ಜನ "ಬಿಸಿಲಿಗೆ ಹಂಗ ಆಗ್ತದ" ಅಂತ ಬಿಟ್ಟುಬಿಡುತ್ತಾರೆ. ಬಿಸಿಲಿಗೆ ಆಗುವುದಾದರೆ ಪಕ್ಕದ ಬ್ಲಾಕೂ ಅಷ್ಟೇ ಏರಬೇಕಿತ್ತಲ್ಲ?

ಕಿವಿಯನ್ನೂ ಬಳಸಿ. ಉದ್ದ ಸ್ಕ್ರೂಡ್ರೈವರಿನ ತುದಿ ಬ್ಲಾಕಿಗೆ ಇಟ್ಟು ಹಿಡಿ ಕಿವಿಗೆ ಒತ್ತಿಕೊಳ್ಳಿ. ಸಣ್ಣ ಕೀರಲು ಸದ್ದು ಬಂದರೆ ಗ್ರೀಸ್ ಒಣಗಿದೆ. ಗುರ್ ಅನ್ನುವ ಒರಟು ಸದ್ದು ಬಂದರೆ ಒಳಗೆ ರೋಲರ್ ಅಥವಾ ರಿಂಗಿನ ಮೈ ಎದ್ದುಹೋಗಿದೆ, ಇನ್ನು ಗ್ರೀಸಿಗೆ ಕೇಳುವುದಿಲ್ಲ.

ಗ್ರೀಸನ್ನು ಬೆರಳಲ್ಲಿ ತಿಕ್ಕಿ ನೋಡಿ

ಮೆಷಿನ್ ಬಂದ್ ಮಾಡಿ, ಫ್ಯೂಸ್ ತೆಗೆದು ಜೇಬಿಗೆ ಹಾಕಿಕೊಂಡು, ಸೀಲಿನ ಬಾಯಿಂದ ಕಡಲೆ ಕಾಳಿನಷ್ಟು ಗ್ರೀಸ್ ತೆಗೆಯಿರಿ. ಬಿಳಿ ಕಾಗದದ ಮೇಲೆ ಬೆರಳಲ್ಲಿ ತೆಳ್ಳಗೆ ಸವರಿ ಬಿಸಿಲಿಗೆ ಹಿಡಿಯಿರಿ. ಹಾಲು ಬೆರೆಸಿದ ಹಾಗೆ ಬೆಳ್ಳಗಿದ್ದರೆ ನೀರು ಹೋಗಿದೆ. ಬೆಳ್ಳಿ ಪುಡಿಯಂತೆ ಮಿಂಚಿದರೆ ರೋಲರ್ ಅಥವಾ ರಿಂಗ್ ಸವೆಯುತ್ತಿದೆ. ಬಂಗಾರದ ಬಣ್ಣ ಮಿಂಚಿದರೆ ರೋಲರ್‌ಗಳನ್ನು ಹಿಡಿದಿಡುವ ಹಿತ್ತಾಳೆ ಕೇಜ್ ಹೋಗುತ್ತಿದೆ, ಅದು ಕೆಟ್ಟ ಸುದ್ದಿ. ಕಪ್ಪಗೆ ಗಟ್ಟಿಯಾಗಿ, ಒಣಗಿದ ಸಗಣಿಯ ಹಾಗೆ ಪುಡಿಯಾದರೆ ಎಣ್ಣೆ ಹೋಗಿ, ಅದನ್ನು ಹಿಡಿದಿಟ್ಟಿದ್ದ ಸೋಪು ಮಾತ್ರ ಉಳಿದಿದೆ. ಮರಳು ಸಿಕ್ಕಿದರೆ ಬೆರಳಿಗೇ ಗೊತ್ತಾಗುತ್ತದೆ. ಐದು ನಿಮಿಷದ ಈ ಕೆಲಸ ನನಗೆ ಎಷ್ಟೋ ಸಲ ಬ್ಲಾಕ್ ಬಿಚ್ಚುವ ಶ್ರಮ ಉಳಿಸಿದೆ.

ಎಷ್ಟು ಗ್ರೀಸ್ ಹಾಕಬೇಕು? ಸುಲಭ ಲೆಕ್ಕ ಇದೆ. ಬೇರಿಂಗಿನ ಹೊರ ವ್ಯಾಸ, ಅಗಲ, ಎರಡನ್ನೂ ಮಿಲಿಮೀಟರಿನಲ್ಲಿ ಗುಣಿಸಿ, ಅದನ್ನು 0.005ರಿಂದ ಗುಣಿಸಿ. ಉತ್ತರ ಗ್ರಾಂನಲ್ಲಿ ಬರುತ್ತದೆ. ನಮ್ಮ 22216ಕ್ಕೆ 140 ಗುಣಿಸು 33 ಗುಣಿಸು 0.005, ಅಂದರೆ 23 ಗ್ರಾಂ. ಅಷ್ಟೇ. ಇನ್ನು ನಿಮ್ಮ ಗನ್ ಒಂದು ಸಲ ಒತ್ತಿದರೆ ಎಷ್ಟು ಗ್ರಾಂ ಕೊಡುತ್ತದೆ? ಇದನ್ನು ನಾನು ಕೇಳಿದಾಗ ಇವತ್ತಿನವರೆಗೆ ಯಾರೂ ಉತ್ತರ ಹೇಳಿಲ್ಲ. ಕಾಗದದ ಮೇಲೆ ಹತ್ತು ಸಲ ಒತ್ತಿ, ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿ, ಹತ್ತರಿಂದ ಭಾಗಿಸಿ. ಬಂದ ಅಂಕಿಯನ್ನು ಗನ್ನಿನ ಮೇಲೆ ಪೇಂಟಿನಲ್ಲಿ ಬರೆದುಬಿಡಿ. ಬ್ಲಾಕಿನೊಳಗೆ ಖಾಲಿ ಜಾಗದ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಗ್ರೀಸ್ ಇದ್ದರೆ ಸಾಕು. ತುಂಬಿ ತುಳುಕಿದರೆ ರೋಲರ್‌ಗಳು ಅದನ್ನು ಕಡೆಯುತ್ತಲೇ ಇರುತ್ತವೆ. ಮೊಸರು ಕಡೆದ ಹಾಗೆ. ಕಡೆದಷ್ಟೂ ಬಿಸಿ.

ಬಣ್ಣ ನೋಡಿ ಗ್ರೀಸ್ ಗುರುತಿಸಬೇಡಿ. ಕೆಂಪು, ನೀಲಿ ಎಲ್ಲ ಕಂಪನಿಯವರು ಹಾಕುವ ಬಣ್ಣ. ಒಳಗಿನ ಸೋಪು ಯಾವುದು ಅನ್ನುವುದು ಮುಖ್ಯ. ಲಿಥಿಯಂ ಗ್ರೀಸ್ ಇದ್ದ ಕಡೆ ಸೋಡಿಯಂ ಅಥವಾ ಬೆಂಟೋನೈಟ್ ಮಣ್ಣಿನ ಗ್ರೀಸ್ ಸೇರಿದರೆ ಎರಡೂ ಹೊಂದದೆ ಒಡೆದ ಹಾಲಿನಂತಾಗಿ ಹರಿದು ಹೋಗಬಹುದು. ಡಬ್ಬಿ ಬದಲಿಸುವುದಾದರೆ ಹಳೆಯದನ್ನು ಪೂರ್ತಿ ತೊಳೆದು ಬದಲಿಸಿ.

ಇನ್ನೊಂದು ಮಾತು, ಇದನ್ನು ಅಂಗಡಿಯಲ್ಲಿ ಕೇಳುವವರು ಕಡಿಮೆ. ಡಬ್ಬಿಯ ಮೇಲಿನ ಎನ್‌ಎಲ್‌ಜಿಐ 2 ಅನ್ನುವುದು ಗ್ರೀಸ್ ಎಷ್ಟು ಗಟ್ಟಿ ಅನ್ನುವುದನ್ನಷ್ಟೇ ಹೇಳುತ್ತದೆ. ಲೋಡ್ ಹೊರುವುದು ಒಳಗಿನ ಎಣ್ಣೆ. ನಿಮಿಷಕ್ಕೆ 400 ಸುತ್ತು ತಿರುಗುವ 22216ಕ್ಕೆ, ಅದು ಓಡುವ ಬಿಸಿಯಲ್ಲಿ, ಎಣ್ಣೆಯ ದಪ್ಪ ಸುಮಾರು 30 ಸೆಂಟಿಸ್ಟೋಕ್ ಆದರೂ ಇರಬೇಕು. 40 ಡಿಗ್ರಿಯಲ್ಲಿ 100 ಸೆಂಟಿಸ್ಟೋಕ್ ಇರುವ ಎಣ್ಣೆ 75 ಡಿಗ್ರಿಗೆ ಬಂದರೆ 30ಕ್ಕಿಂತ ಕೆಳಗೆ ಇಳಿಯುತ್ತದೆ. ಆಗ ರೋಲರ್ ಮತ್ತು ರಿಂಗ್ ನಡುವಿನ ಎಣ್ಣೆಯ ಪರದೆ ಹರಿದು ಕಬ್ಬಿಣಕ್ಕೆ ಕಬ್ಬಿಣ ತಾಗುತ್ತದೆ. 220 ಇರುವ ಎಣ್ಣೆ ಅದೇ ಬಿಸಿಯಲ್ಲೂ ಮೇಲೇ ಉಳಿಯುತ್ತದೆ. ಹಾಗಾಗಿ ನಮ್ಮ ಬೇಸಿಗೆಗೆ, ನಮ್ಮ ಲೋಡಿಗೆ, 150ರಿಂದ 220 ಎಣ್ಣೆಯ ಇಪಿ (ಭಾರೀ ಒತ್ತಡ ತಡೆಯುವ) ಗ್ರೀಸ್ ಕೇಳಿ ತನ್ನಿ. ಸುಮ್ನೆ "ಒಳ್ಳೆ ಗ್ರೀಸ್ ಕೊಡಿ" ಅನ್ನಬೇಡಿ.

ಸ್ಲೀವ್ ನಟ್ ಮತ್ತು ಫೀಲರ್ ಗೇಜ್

ಹೊಸ ಬೇರಿಂಗ್ ಕೂರಿಸಿದ ಮೊದಲ ದಿನವೇ ಸುಡುವುದಕ್ಕೆ ದೊಡ್ಡ ಕಾರಣ ಇದು. ಸ್ಲೀವಿನ ನಟ್ಟನ್ನು ಪಂಚ್ ಮತ್ತು ಸುತ್ತಿಗೆಯಿಂದ ಹೊಡೆದು ಬಿಗಿ ಮಾಡುತ್ತಾರೆ. ಬಿಗಿ ಮಾಡಿದಷ್ಟೂ ಒಳ ರಿಂಗ್ ಓರೆ ಸ್ಲೀವಿನ ಮೇಲೆ ಏರಿ ಹಿಗ್ಗುತ್ತದೆ, ಸಂದು ಕಡಿಮೆಯಾಗುತ್ತದೆ. ಎಲ್ಲಿ ನಿಲ್ಲಿಸಬೇಕು ಅಂತ ಕೇಳಿದರೆ "ಕೈಗೆ ಗೊತ್ತಾಗ್ತದ" ಅನ್ನುತ್ತಾರೆ. ಕೈಗೆ ಗೊತ್ತಾಗುವುದಿಲ್ಲ. 20 ಮೈಕ್ರಾನ್ ಅಂದರೆ ತಲೆಕೂದಲಿಗಿಂತ ಎಷ್ಟೋ ತೆಳು.

ಬೇರಿಂಗನ್ನು ಡಬ್ಬಿಯಿಂದ ತೆಗೆದು ಟೇಬಲ್ ಮೇಲೆ ನೆಟ್ಟಗೆ ನಿಲ್ಲಿಸಿ. ಒಳ ರಿಂಗನ್ನು ಎರಡು ಸುತ್ತು ತಿರುಗಿಸಿ ರೋಲರ್‌ಗಳು ಜಾಗಕ್ಕೆ ಕೂರಲಿ. ಈಗ ಮೇಲಿನ ರೋಲರ್ ಮತ್ತು ಹೊರ ರಿಂಗ್ ನಡುವೆ ಫೀಲರ್ ಗೇಜಿನ (ದಪ್ಪ ಬರೆದಿರುವ ತೆಳು ಸ್ಟೀಲ್ ಎಲೆಗಳ ಕಟ್ಟು) ತೆಳ್ಳಗಿನ ಎಲೆ ಹಾಕಿ. ಅದು ಜಾರಬೇಕು, ರೋಲರ್ ತಿರುಗಿಸಿ ಒಳಗೆ ಎಳೆಸಬೇಡಿ. ಯಾವ ಎಲೆ ಚೂರು ಹಿಡಿದು ಹಿಡಿದು ಬರುತ್ತದೋ ಅದೇ ಅಳತೆ. ಎರಡೂ ಸಾಲಿನಲ್ಲಿ ನೋಡಿ. ಸಿ3 ಗುರುತಿನ (ಸಾಮಾನ್ಯಕ್ಕಿಂತ ಸಂದು ಜಾಸ್ತಿ ಇರುವ), ಟೇಪರ್ ಬೋರಿನ 22216ಕ್ಕೆ ಇದು 95ರಿಂದ 120 ಮೈಕ್ರಾನ್ ಇರುತ್ತದೆ. ಬರೆದುಕೊಳ್ಳಿ.

ಆಮೇಲೆ ಶಾಫ್ಟಿನ ಮೇಲೆ ಹಾಕಿ ನಟ್ ಬಿಗಿ ಮಾಡುತ್ತ ಮತ್ತೆ ಮತ್ತೆ ಅಳೆಯಿರಿ. ಈಗ ಹೊರ ರಿಂಗ್ ಜೋತುಬಿದ್ದಿರುತ್ತದೆ, ಆದ್ದರಿಂದ ಸಂದು ಕೆಳಗಡೆ ಸಿಗುತ್ತದೆ, ಮೇಲಲ್ಲ. ಇಲ್ಲಿ ತಪ್ಪಿ ಮೇಲೆ ಅಳೆದು "ಸಂದೇ ಇಲ್ಲ" ಅಂತ ಹೆದರಿದವರನ್ನು ನೋಡಿದ್ದೇನೆ. ಮೊದಲಿನ ಅಳತೆಯಿಂದ 40ರಿಂದ 50 ಮೈಕ್ರಾನ್ ಕಡಿಮೆಯಾದಾಗ ನಿಲ್ಲಿಸಿ. 110 ಇದ್ದದ್ದು 65ರ ಆಸುಪಾಸಿಗೆ ಬಂದರೆ ಸರಿ. ಲಾಕ್ ವಾಷರಿನ ಹಲ್ಲು ನಟ್ಟಿನ ಸಂದಿಗೆ ಸರಿಯಾಗಿ ಬರದಿದ್ದರೆ ಚೂರು ಮುಂದಕ್ಕೇ ಬಿಗಿ ಮಾಡಿ ಹಲ್ಲು ಮಡಚಿ. ಹಿಂದಕ್ಕೆ ಸಡಿಲಿಸಿದರೆ ಒಳ ರಿಂಗ್ ಶಾಫ್ಟಿನ ಮೇಲೆ ಜಾರಲು ಶುರುವಾಗುತ್ತದೆ. ಜಾರುವ ರಿಂಗ್ ಕೂಡ ಸುಡುತ್ತದೆ, ಶಾಫ್ಟನ್ನೂ ತಿನ್ನುತ್ತದೆ.

ಒಂದೇ ಸೀಸನ್ನಿನಲ್ಲಿ ಮೂರು ಬೇರಿಂಗ್

ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಆದದ್ದು. ತೊಗರಿ ಸೀಸನ್ ಭರ್ತಿ ಇತ್ತು. ಮುಖ್ಯ ಶಾಫ್ಟಿನ ಪುಲ್ಲಿ ಕಡೆಯ ಬೇರಿಂಗ್ ಜನವರಿಯಿಂದ ಮಾರ್ಚ್ ಒಳಗೆ ಮೂರು ಸಲ ಸುಟ್ಟಿತ್ತು. ಮೂರೂ ಸಲ ಹೊಸದು. ನಕಲಿ ಮಾಲು ಅಂತ ಅಂಗಡಿಯವನ ಜೊತೆ ಜಗಳವೂ ಆಗಿತ್ತು. ನಾನು ಹೋದದ್ದು ನಾಲ್ಕನೆಯದು ಹಾಕಿದ ಮೇಲೆ.

ಬೆಳಿಗ್ಗೆ ಎಂಟಕ್ಕೆ ಅಳೆದಾಗ 52 ಡಿಗ್ರಿ. ಹನ್ನೊಂದಕ್ಕೆ 71. ಒಂದು ಗಂಟೆಗೆ 96, ಇನ್ನೂ ಏರುತ್ತಿತ್ತು. ಹವೆ ಅಷ್ಟರಲ್ಲಿ 38. ಬಂದ್ ಮಾಡಿ ಊಟ ಮುಗಿಸಿ ಬಂದು ಚಾಲೂ ಮಾಡಿದರೆ ಸ್ವಲ್ಪ ಹೊತ್ತು ಚೆನ್ನಾಗಿ ಓಡಿತು, ಆಮೇಲೆ ಅದೇ ಕಥೆ. ಆಗ ನಾನು ಯಾರೂ ಅಳೆಯದ ಇನ್ನೊಂದು ತುದಿಯ ಬ್ಲಾಕನ್ನು ಅಳೆದೆ. ಅಲ್ಲಿ ಪುಲ್ಲಿ ಇಲ್ಲ, ಬೆಲ್ಟ್ ಇಲ್ಲ, ಲೋಡ್ ಕಡಿಮೆ. ಆದರೂ 84. ಅದು ಅಷ್ಟು ಬಿಸಿ ಇರುವುದಕ್ಕೆ ಕಾರಣವೇ ಇರಲಿಲ್ಲ.

ಹಿಂದಿನ ಸಲ ತೆಗೆದಿಟ್ಟ ಬೇರಿಂಗ್ ಮೂಲೆಯಲ್ಲಿ ಬಿದ್ದಿತ್ತು. ಸೀಮೆಎಣ್ಣೆಯಲ್ಲಿ ತೊಳೆದು ನೋಡಿದೆ. ಎರಡು ಸಾಲು ರೋಲರ್‌ಗಳಲ್ಲಿ ಪುಲ್ಲಿ ಕಡೆಯ ಸಾಲು ಮಾತ್ರ ನೀಲಿಯಾಗಿತ್ತು. ಒಳಗಡೆಯ ಸಾಲಿನ ಮೇಲೆ ಮೆಷಿನಿಂಗ್ ಗೆರೆ ಇನ್ನೂ ಹಾಗೇ ಇತ್ತು, ಒಂದು ದಿನವೂ ದುಡಿದಂತಿರಲಿಲ್ಲ. ಅಂದರೆ ಯಾವುದೋ ಬಲ ಶಾಫ್ಟನ್ನು ಉದ್ದಕ್ಕೆ, ಹೊರಗೆ ತಳ್ಳುತ್ತಿದೆ. ಇನ್ನೊಂದು ತುದಿಯ ಬ್ಲಾಕಿನ ಮುಚ್ಚಳ ತೆಗೆದೆ. ಅಲ್ಲೂ ಒಂದೇ ಸಾಲು ಹೊಳೆಯುತ್ತಿತ್ತು, ಆದರೆ ಎದುರು ಕಡೆಯದು, ಅಂದರೆ ಅದರ ಹೊರಗಡೆಯದು. ಎರಡೂ ತುದಿಯಲ್ಲಿ ಒಂದೇ ದಿಕ್ಕಿನ ಸಾಲು ಸವೆದಿದ್ದರೆ ಹೊರಗಿನಿಂದ ಏನೋ ತಳ್ಳುತ್ತಿದೆ ಅನ್ನಬಹುದಿತ್ತು. ಇಲ್ಲಿ ಎರಡೂ ಕಡೆ ಹೊರ ಸಾಲು. ಶಾಫ್ಟೇ ಬೆಳೆದು ಎರಡೂ ಕಡೆ ಒದೆಯುತ್ತಿದೆ.

ಸ್ಟೀಲು ಒಂದು ಮೀಟರಿಗೆ, ಒಂದು ಡಿಗ್ರಿಗೆ, ಸುಮಾರು 12 ಮೈಕ್ರಾನ್ ಬೆಳೆಯುತ್ತದೆ. ಬೇರಿಂಗಿನಿಂದ ಬೇರಿಂಗಿಗೆ ಆ ಶಾಫ್ಟ್ 2.2 ಮೀಟರ್. ಕೆಳಗಿನ ಫ್ರೇಮಿಗಿಂತ ಶಾಫ್ಟ್ 30 ಡಿಗ್ರಿ ಜಾಸ್ತಿ ಬಿಸಿಯಾದರೆ ಮುಕ್ಕಾಲು ಮಿಲಿಮೀಟರಿಗಿಂತ ಜಾಸ್ತಿ ಉದ್ದವಾಗುತ್ತದೆ. ಅದಕ್ಕೇ ಒಂದು ತುದಿಯ ಬೇರಿಂಗನ್ನು ಬ್ಲಾಕಿನಲ್ಲಿ ರಿಂಗ್ ಹಾಕಿ ಕಟ್ಟಬೇಕು, ಇನ್ನೊಂದು ತುದಿಯದನ್ನು ಜಾರಲು ಬಿಡಬೇಕು. ಇಲ್ಲಿ ಎರಡೂ ಬ್ಲಾಕಿನಲ್ಲಿ ಆ ಕಟ್ಟುವ ರಿಂಗ್, ಅಂದರೆ ಲೊಕೇಟಿಂಗ್ ರಿಂಗ್, ಹಾಕಿದ್ದರು. ಬ್ಲಾಕಿನ ಜೊತೆ ರಿಂಗ್ ಬಂದಿತ್ತು, ಬಂದದ್ದನ್ನು ಹಾಕಿದ್ದರು. ಹಾಕಿದ ಹುಡುಗನ ಮೇಲೆ ನನಗೆ ಸಿಟ್ಟು ಬರಲಿಲ್ಲ, ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಪುಲ್ಲಿ ಇಲ್ಲದ ತುದಿಯ ಎರಡೂ ರಿಂಗ್ ತೆಗೆದೆವು. ಬೇರಿಂಗನ್ನು ಅದರ ಜಾಗದ ನಡುಮಧ್ಯಕ್ಕೆ ಸರಿಸಿ, ಎರಡೂ ಕಡೆ ಜಾರಲು ಜಾಗ ಇದೆಯಾ ಅಂತ ನೋಡಿ ಮುಚ್ಚಳ ಹಾಕಿದೆವು. ಪುಲ್ಲಿ ಕಡೆಗೆ ಐದನೇ ಬೇರಿಂಗ್ ಹಾಕಬೇಕಾಯಿತು, ನಾಲ್ಕನೆಯದೂ ಆಗಲೇ ಬಣ್ಣ ತಿರುಗಿತ್ತು. ಎರಡು ದಿನದ ನಂತರ ಮಧ್ಯಾಹ್ನ ಹವೆ 41 ಇದ್ದಾಗ ಬ್ಲಾಕ್ 66ರಲ್ಲಿ ನಿಂತಿತ್ತು. ಹಣ ಖರ್ಚಾದದ್ದು ಆ ಒಂದು ಬೇರಿಂಗಿಗೆ ಮಾತ್ರ. ರೋಗ ವಾಸಿಯಾದದ್ದು ಎರಡು ರಿಂಗ್ ತೆಗೆದದ್ದರಿಂದ.

ಬೆಲ್ಟ್

ವಿ-ಬೆಲ್ಟ್ ಜಾರಿತು ಅಂತ ಬಿಗಿ ಮಾಡುತ್ತೇವೆ, ಮತ್ತೆ ಜಾರಿದರೆ ಮತ್ತೆ ಬಿಗಿ. ಆ ಬಿಗಿ ಎಲ್ಲ ಬೇರಿಂಗ್ ಹೊರುತ್ತದೆ. ರೋಲರ್ ಬೇರಿಂಗಿನ ಲೋಡ್ ಎರಡು ಪಟ್ಟಾದರೆ ಆಯುಸ್ಸು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಬರೀ ಶೇ 20 ಜಾಸ್ತಿಯಾದರೂ ಹೆಚ್ಚುಕಡಿಮೆ ಅರ್ಧ ಹೋಯಿತು. ಎರಡು ಪುಲ್ಲಿ ನಡುವೆ ಬೆಲ್ಟಿನ ಮಧ್ಯದಲ್ಲಿ, ಬೆಲ್ಟಿನ ಅಳತೆಗೆ ಹೇಳಿದ ಭಾರ ಹಾಕಿ ಒತ್ತಿದಾಗ ಪ್ರತಿ 100 ಮಿಲಿಮೀಟರ್ ಉದ್ದಕ್ಕೆ 1.6 ಮಿಲಿಮೀಟರ್ ತಗ್ಗಬೇಕು. 1200 ಮಿಲಿಮೀಟರ್ ಅಂತರಕ್ಕೆ 19. ಇಷ್ಟರಲ್ಲಿ ಜಾರುತ್ತಿದ್ದರೆ ಬೆಲ್ಟ್ ಅಥವಾ ಪುಲ್ಲಿಯ ಗ್ರೂವ್ ಸವೆದಿದೆ, ಬದಲಿಸಿ.

ತೆಗೆದ ಬೇರಿಂಗನ್ನು ಗುಜರಿಗೆ ಹಾಕುವ ಮುನ್ನ

ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಮುಖ್ಯ. ಕತ್ತರಿಸಿ, ತೊಳೆದು, ಹಗಲು ಬೆಳಕಿನಲ್ಲಿ ಹೊರ ರಿಂಗಿನ ಒಳಮೈ ನೋಡಿ. ಬ್ಲಾಕಿನಲ್ಲಿ ಯಾವ ಭಾಗ ಮೇಲಿತ್ತು ಅಂತ ತೆಗೆಯುವ ಮೊದಲೇ ಪೇಂಟಿನಲ್ಲಿ ಗುರುತು ಮಾಡಿಕೊಂಡಿರಿ. ಗುರುತಿಲ್ಲದೆ ತೆಗೆದರೆ ಅರ್ಧ ಸಾಕ್ಷಿ ಹೋದಂತೆ.

ಲೋಡ್ ಬಿದ್ದ ಕಡೆ ಮಾತ್ರ, ಅರ್ಧ ಸುತ್ತಿಗಿಂತ ಕಡಿಮೆ ಜಾಗದಲ್ಲಿ, ಎರಡೂ ಸಾಲಿನಲ್ಲಿ ಮಂಕು ಪಟ್ಟೆ ಇದ್ದರೆ ಬೇರಿಂಗ್ ನ್ಯಾಯವಾಗಿ ದುಡಿದಿದೆ. ಬೆಲ್ಟ್ ಎಳೆಯುವ ದಿಕ್ಕಿಗೆ ಆ ಪಟ್ಟೆ ಬೀಳುತ್ತದೆ, ಯಾವಾಗಲೂ ಕೆಳಗೇ ಇರಬೇಕು ಅಂತಿಲ್ಲ. ಪಟ್ಟೆ ಸುತ್ತಲೂ ಪೂರ್ತಿ ಇದ್ದರೆ ಸಂದು ಇರಲಿಲ್ಲ, ಸ್ಲೀವ್ ಅತಿ ಬಿಗಿ. ಎದುರುಬದುರು ಎರಡು ಕಡೆ ಪಟ್ಟೆ ಇದ್ದರೆ ಬ್ಲಾಕ್ ಮೊಟ್ಟೆಯ ಆಕಾರಕ್ಕೆ ಬಂದು ರಿಂಗನ್ನು ಹಿಂಡಿದೆ. ಇದು ಬ್ಲಾಕಿನ ಕೆಳಗಿನ ನೆಲ ಸಮ ಇಲ್ಲದೆ ಬೋಲ್ಟ್ ಎಳೆದಾಗ ಆಗುತ್ತದೆ. ಶಹಾಬಾದ್ ಫರಸಿ ಕಲ್ಲಿನ ಮೇಲೆ ತಗಡಿನ ಚೂರು ಇಟ್ಟು ಬ್ಲಾಕ್ ಕೂರಿಸಿದ ಕಡೆ ಇದನ್ನು ಕಂಡಿದ್ದೇನೆ. ಆ ಕಲ್ಲು ಮನೆಯ ನೆಲಕ್ಕೆ ಚಿನ್ನದಂಥದ್ದು, ಆದರೆ ಪ್ಲಮ್ಮರ್ ಬ್ಲಾಕಿಗೆ ಮೆಷಿನ್ ಮಾಡಿದ ಸ್ಟೀಲ್ ಪ್ಲೇಟೇ ಬೇಕು.

ಬಣ್ಣದ ಬಗ್ಗೆ ಒಂದು ಎಚ್ಚರಿಕೆ. ಒಣ ಹುಲ್ಲಿನ ಬಣ್ಣ ಬಂದಿದ್ದರೆ ಸ್ಟೀಲು 200 ಡಿಗ್ರಿ ದಾಟಿದೆ, ನೀಲಿ ಆಗಿದ್ದರೆ 300ರ ಹತ್ತಿರ ಹೋಗಿದೆ. ಆ ಸ್ಟೀಲಿನ ಗಟ್ಟಿತನ ಹೋಗಿರುತ್ತದೆ, ಮತ್ತೆ ಹಾಕಬಾರದು. ಆದರೆ ಹಳೆ ಗ್ರೀಸ್ ಕಾದು ಹತ್ತಿಕೊಂಡ ಪದರವೂ ಹಾಗೇ ಕಂದು ಕಾಣುತ್ತದೆ. ಉಗುರಿನಿಂದ ಕೆರೆದು, ಥಿನ್ನರ್ ಹಾಕಿ ಉಜ್ಜಿ. ಹೋದರೆ ಅದು ಗ್ರೀಸ್, ಹೋಗದಿದ್ದರೆ ಸ್ಟೀಲೇ ಬಣ್ಣ ತಿರುಗಿದೆ.

ಅಡ್ಡಡ್ಡ ಗೆರೆಗಳು, ಬಟ್ಟೆ ಒಗೆಯುವ ಹಲಗೆಯ ಹಾಗೆ ಸಾಲಾಗಿ ಇದ್ದರೆ ಕರೆಂಟ್ ಹರಿದಿದೆ. ವೆಲ್ಡಿಂಗ್ ಮಾಡುವಾಗ ಅರ್ಥ್ ಕ್ಲಾಂಪನ್ನು ಎಲ್ಲೋ ದೂರದ ಫ್ರೇಮಿಗೆ ಹಾಕಿದರೆ ಕರೆಂಟು ಬೇರಿಂಗ್ ಮೂಲಕ ದಾರಿ ಹುಡುಕಬಹುದು. ವೆಲ್ಡಿಂಗ್ ಆಗುವ ಜಾಗದ ಪಕ್ಕದಲ್ಲೇ ಕ್ಲಾಂಪ್ ಹಾಕಿಸಿ. ರೋಲರ್‌ಗಳ ಅಂತರಕ್ಕೆ ಸರಿಯಾಗಿ ಸಣ್ಣ ತಗ್ಗುಗಳಿದ್ದರೆ ಮಳೆಗಾಲದಲ್ಲಿ ನಿಂತ ಮೆಷಿನ್ ಪಕ್ಕದ ಮೆಷಿನ್ನಿನ ನಡುಕಕ್ಕೆ ನಿಂತಲ್ಲೇ ಸವೆದಿದೆ. ವಾರಕ್ಕೊಮ್ಮೆ ಕೈಯಿಂದ ಒಂದೂಕಾಲು ಸುತ್ತು ತಿರುಗಿಸಿಟ್ಟರೆ ಸಾಕು.

ಧೂಳು ಊರಿಗೊಂದು ಥರ. ವಾಡಿ, ಸೇಡಂ ಕಡೆ ಸಿಮೆಂಟ್ ಧೂಳು ಸೀಲಿನ ಬಾಯಲ್ಲಿ ಕೂತು, ಸ್ವಲ್ಪ ನೀರು ತಾಗಿದರೆ ಗಟ್ಟಿಯಾಗಿ ಸೀಲನ್ನೇ ತಿನ್ನುತ್ತದೆ. ಶಹಾಪುರ, ಸುರಪುರದ ಅಕ್ಕಿ ಗಿರಣಿಗಳಲ್ಲಿ ಭತ್ತದ ಹೊಟ್ಟು. ಅದರಲ್ಲಿ ಸಿಲಿಕಾ ಇದೆ, ಎಮರಿ ಪೇಪರಿನ ಹಾಗೆ ಉಜ್ಜುತ್ತದೆ. ಇಂಥ ಕಡೆ ಸವೆದ ರಿಂಗ್ ಕನ್ನಡಿಯಂತೆ ಹೊಳೆಯುತ್ತದೆ. ಹೊಳಪು ನೋಡಿ ಚೆನ್ನಾಗಿದೆ ಅಂದುಕೊಳ್ಳಬೇಡಿ, ಫೀಲರ್ ಹಾಕಿದರೆ ಸಂದು ಎರಡು ಪಟ್ಟು ಬಂದಿರುತ್ತದೆ. ಇಲ್ಲಿ ಮಾತ್ರ ನಾನು ಗ್ರೀಸನ್ನು ಸ್ವಲ್ಪ ಸ್ವಲ್ಪ, ಪದೇ ಪದೇ ಹಾಕಿಸುತ್ತೇನೆ. ಹಳೆಯದು ಸೀಲಿನಿಂದ ಹೊರಗೆ ಬರುತ್ತ ಧೂಳನ್ನು ತಡೆಯಲಿ ಅಂತ.

ಬೀದರ್ ಕಡೆಯ ಸಕ್ಕರೆ ಕಾರ್ಖಾನೆಗಳ ಕಬ್ಬು ಅರೆಯುವ ರೋಲರ್‌ಗಳದ್ದು ಬೇರೆ ಲೋಕ. ಅಲ್ಲಿ ರೋಲರ್ ಬೇರಿಂಗಿನ ಬದಲು ಗನ್‌ಮೆಟಲ್ ಬುಷ್ ಅನ್ನುವ ಲೋಹದ ಬಳೆ, ನಿಮಿಷಕ್ಕೆ ನಾಲ್ಕೈದು ಸುತ್ತು, ಭಾರೀ ಒತ್ತಡ. ಅಷ್ಟು ನಿಧಾನ ತಿರುಗಿದರೆ ಎಣ್ಣೆಯ ಪರದೆ ತಾನಾಗಿ ನಿಲ್ಲುವುದಿಲ್ಲ. ಅದಕ್ಕೇ ಬೆಲ್ಲದ ಪಾಕದಷ್ಟು ದಪ್ಪ ಎಣ್ಣೆ, ಬುಷ್ ಒಳಗೆ ತಣ್ಣೀರು. ಅಲ್ಲಿ ಬಿಸಿ ಏರಿದರೆ ಮೊದಲು ನೀರಿನ ಪೈಪ್ ಕಟ್ಟಿದೆಯಾ ನೋಡಿ, ಆಮೇಲೆ ಎಣ್ಣೆಯ ಪಂಪು. ರೋಲರ್ ಬೇರಿಂಗಿನ ಲೆಕ್ಕವನ್ನು ಅಲ್ಲಿಗೆ ಹೊತ್ತೊಯ್ಯಬೇಡಿ.

ಮತ್ತೆ ಚಾಲೂ ಮಾಡುವಾಗ

ಕೈಯಿಂದ ಶಾಫ್ಟ್ ತಿರುಗಿಸಿ. ಒಂದೇ ಸಮ ತಿರುಗಬೇಕು, ಎಲ್ಲೂ ಹಿಡಿಯಬಾರದು. ಮೊದಲ ಒಂದು ಗಂಟೆ ಮಾಲು ಬಿಡಬೇಡಿ. ಹತ್ತು ನಿಮಿಷಕ್ಕೊಮ್ಮೆ ಕಪ್ಪು ಟೇಪಿನ ಮೇಲೆ ಗನ್ ಹಿಡಿದು, ಚಾಕ್‌ಪೀಸಿನಿಂದ ಬ್ಲಾಕಿನ ಮೇಲೇ ಬರೆಯಿರಿ, ಮೇಲೆ ಹವೆ, ಕೆಳಗೆ ಬೇರಿಂಗ್. ಎರಡೂ ತುದಿಯ ಬ್ಲಾಕ್ ಬರೆಯಿರಿ. ಏರಿಕೆ ನಿಧಾನವಾಗುತ್ತ ಬಂದು ಒಂದು ಕಡೆ ನಿಲ್ಲಬೇಕು. ನಿಂತ ಮೇಲೆ ಅರ್ಧ ಲೋಡ್, ಮತ್ತೆ ನಿಲ್ಲಲಿ, ಆಮೇಲೆ ಪೂರ್ತಿ. ಹೊಸ ಬೆಲ್ಟ್ ಹಾಕಿದ್ದರೆ ಮರುದಿನ ಮತ್ತೆ ತಗ್ಗು ಅಳೆಯಿರಿ. ಎರಡನೇ ದಿನದ ಮಧ್ಯಾಹ್ನವೂ ಅಂಕಿ ನಿಲ್ಲದೆ ಏರುತ್ತಲೇ ಇದ್ದರೆ, ಮಾಲಕರು ಎಷ್ಟೇ ಅವಸರ ಮಾಡಲಿ, ಬಂದ್ ಮಾಡಿಸಿ ಮುಚ್ಚಳ ತೆಗೆಯಿರಿ.